ಕೊಟ್ಟಿಗೆ ಮತ್ತು ಕೋಳಿ ಶೆಡ್‌ಗಳ ಅಗ್ನಿ ಸುರಕ್ಷತೆ: ನಿಯಮ ಕೇಳುವುದೇನು, ನೀವು ಮಾಡಬೇಕಾದದ್ದೇನು

ಹೈನುಗಾರಿಕೆ, ಕೋಳಿ, ಕುರಿ ಅಥವಾ ಹಂದಿ ಸಾಕಣೆ ನಡೆಸುವವರು ಅಗ್ನಿ ಸುರಕ್ಷತೆಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಶೆಡ್ಡಿಗೆ ಬೆಂಕಿ ನಂದಿಸುವ ಸಿಲಿಂಡರ್ ಎಷ್ಟು ಬೇಕು?" ಈ ಪ್ರಶ್ನೆಗೆ ಉತ್ತರ ಏಳನೆಯ ಹಂತದಲ್ಲಿದೆ. ಅದನ್ನು ಅಷ್ಟು ಹಿಂದಕ್ಕೆ ಸರಿಸಿದ್ದು ಬೇಕೆಂದೇ. ಕಟ್ಟಿಹಾಕಿದ ದನವಾಗಲಿ, ಮುಚ್ಚಿದ ಶೆಡ್ಡಿನಲ್ಲಿರುವ ಕೋಳಿಯಾಗಲಿ ಹೊಗೆ ಕಂಡೊಡನೆ ತಾನಾಗಿ ಬಾಗಿಲು ತೆರೆದು ಹೊರಬರುವುದಿಲ್ಲ. ಒಣಹುಲ್ಲಿಗೆ ಬೆಂಕಿ ತಗುಲಿದ ಮೇಲೆ ಮನುಷ್ಯನ ಕೈಗೆ ಸಿಗುವ ಸಮಯ ಕೆಲವೇ ನಿಮಿಷಗಳದ್ದು. ಆದ್ದರಿಂದ ಬೆಂಕಿ ಹುಟ್ಟದಂತೆ ಮತ್ತು ಹುಟ್ಟಿದರೂ ಪ್ರಾಣಿಗಳಿರುವ ಜಾಗಕ್ಕೆ ದಾಟದಂತೆ ನೋಡಿಕೊಳ್ಳುವುದಕ್ಕೇ ನಿಮ್ಮ ಹಣ ಮತ್ತು ಗಮನದ ಬಹುಪಾಲು ಹೋಗಬೇಕು.

ಕೆಲಸ ಆರಂಭಿಸುವ ಮುನ್ನ ನಾಲ್ಕು ವಸ್ತುಗಳನ್ನು ಒಟ್ಟುಮಾಡಿಕೊಳ್ಳಿ: ಕಟ್ಟಡದ ಅನುಮತಿ ಪತ್ರ ಮತ್ತು ನಕ್ಷೆ, ವಿದ್ಯುತ್ ಸಂಪರ್ಕದ ದಾಖಲೆ, ವಿಮಾ ಪಾಲಿಸಿಯ ಪೂರ್ತಿ ಪ್ರತಿ (ಮೊದಲ ಪುಟವಷ್ಟೇ ಅಲ್ಲ, ಷರತ್ತುಗಳ ಪುಟಗಳೂ ಸೇರಿ), ಮತ್ತು ಯಾವ ಶೆಡ್ಡಿನಲ್ಲಿ ಎಷ್ಟು ಪ್ರಾಣಿಗಳಿವೆ ಎಂಬ ಪಟ್ಟಿ.

1. ನಿಮ್ಮ ಕಟ್ಟಡ ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಯಿರಿ

ಅಗ್ನಿ ಸುರಕ್ಷತಾ ನಿಯಮಗಳು ಕಟ್ಟಡಗಳನ್ನು ಬಳಕೆಯ ಆಧಾರದ ಮೇಲೆ ವರ್ಗಗಳಾಗಿ ವಿಂಗಡಿಸುತ್ತವೆ. ಜನ ಮಲಗುವ, ಸೇರುವ, ಕೆಲಸ ಮಾಡುವ ಕಟ್ಟಡಗಳಿಗೆ ಬಿಗಿಯಾದ ನಿಯಮಗಳಿದ್ದರೆ, ಪ್ರಾಣಿಗಳ ಕಟ್ಟಡಗಳು ಹಲವು ಕಡೆ ಕೃಷಿ ಉಪಯೋಗದ ಸಣ್ಣಪುಟ್ಟ ಕಟ್ಟಡಗಳ ಗುಂಪಿನಲ್ಲಿ ಉಳಿದುಬಿಡುತ್ತವೆ. ಅನೇಕ ದೇಶಗಳು ಮಾದರಿಯಾಗಿಟ್ಟುಕೊಳ್ಳುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕೊಟ್ಟಿಗೆಗಳೂ ಜಾನುವಾರು ಆಸರೆಗಳೂ 'ಯು' ಎಂಬ ಗುಂಪಿಗೆ, ಅಂದರೆ ಇತರೆ ಉಪಯೋಗದ ಕಟ್ಟಡಗಳ ಗುಂಪಿಗೆ ಸೇರುತ್ತವೆ. ಇದರ ಅರ್ಥ ಅಲ್ಲಿ ಅಪಾಯ ಕಡಿಮೆಯೆಂದಲ್ಲ. ನಿಯಮ ಬರೆದವರು ಮೊದಲು ಯೋಚಿಸಿದ್ದು ಮನುಷ್ಯರ ಪ್ರಾಣದ ಬಗ್ಗೆ ಎಂದಷ್ಟೇ.

ಪ್ರಾಣಿಗಳನ್ನೇ ಗಮನದಲ್ಲಿಟ್ಟುಕೊಂಡು ರಚಿಸಿದ ಮುಖ್ಯ ದಾಖಲೆ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಎನ್‌ಎಫ್‌ಪಿಎ 150. ಕುದುರೆ ಪಂದ್ಯದ ಲಾಯಗಳಿಗೆಂದು ಆರಂಭವಾದ ಈ ಸಂಹಿತೆ ಈಗ ಎಲ್ಲ ಬಗೆಯ ಪ್ರಾಣಿ ವಸತಿಗಳನ್ನೂ ಒಳಗೊಂಡಿದೆ. ಯುರೋಪಿನ ಒಕ್ಕೂಟದ 98/58 ನಿರ್ದೇಶನವು, ಪ್ರಾಣಿಗಳ ಆರೋಗ್ಯ ಫ್ಯಾನುಗಳ ಗಾಳಿಯನ್ನೇ ನೆಚ್ಚಿಕೊಂಡಿರುವ ಕಡೆ ಬದಲಿ ವ್ಯವಸ್ಥೆಯೂ, ಗಾಳಿ ನಿಂತರೆ ಎಚ್ಚರಿಸುವ ಅಲಾರಂ ಕೂಡ ಇರಲೇಬೇಕು ಎನ್ನುತ್ತದೆ. ಇಂಥ ದಾಖಲೆಗಳು ನಿಮ್ಮಲ್ಲಿ ಕಾನೂನಾಗಿ ಅನ್ವಯಿಸುತ್ತವೆಯೋ ಇಲ್ಲವೋ ಎಂಬುದನ್ನು ಸ್ಥಳೀಯ ಕಟ್ಟಡ ಪ್ರಾಧಿಕಾರ ಮತ್ತು ಅಗ್ನಿಶಾಮಕ ಇಲಾಖೆಯಲ್ಲಿ ವಿಚಾರಿಸಿ. ಅನ್ವಯಿಸದಿದ್ದರೂ ಅವನ್ನು ಅಳತೆಗೋಲಾಗಿ ಬಳಸಲು ಅಡ್ಡಿಯೇನಿಲ್ಲ.

ಎಚ್ಚರಿಕೆ: ಕೃಷಿ ಕಟ್ಟಡಕ್ಕೆ ಸಿಗುವ ವಿನಾಯಿತಿಯು ಅದರ ಬಳಕೆ ಬದಲಾದ ದಿನವೇ ಕೊನೆಗೊಳ್ಳಬಹುದು. ಶೆಡ್ಡಿನ ಒಂದು ಮೂಲೆಯಲ್ಲಿ ಕೆಲಸಗಾರರು ಮಲಗತೊಡಗಿದರೆ, ಹಾಲು ಸಂಸ್ಕರಣೆ ಆರಂಭವಾದರೆ ಅಥವಾ ಸಂದರ್ಶಕರಿಗೆ ಪ್ರವೇಶ ಕೊಟ್ಟರೆ ಕಟ್ಟಡದ ವರ್ಗ ಬದಲಾಗಿ ಬೇರೆ ಅನುಮತಿ ಬೇಕಾಗುತ್ತದೆ. ವಿಮಾ ಕಂಪನಿಗಳು ಪರಿಹಾರ ನಿರಾಕರಿಸಲು ಹುಡುಕುವ ಮೊದಲ ಎಳೆಯೇ ಇದು.

2. ಅಂತರ, ಗೋಡೆ, ದಾರಿ

ಬಿಳಿ ಹಾಳೆಯ ಮೇಲೆ ನಿಮ್ಮ ಜಾಗದ ನಕ್ಷೆಯನ್ನು ಬರೆದು ಪ್ರಾಣಿಗಳಿರುವ ಕಟ್ಟಡ, ಹುಲ್ಲಿನ ದಾಸ್ತಾನು, ಇಂಧನ, ಜನರೇಟರ್, ಯಂತ್ರಗಳ ಕೊಠಡಿ ಮತ್ತು ನೀರಿನ ಮೂಲಗಳನ್ನು ಗುರುತಿಸಿ. ಹುಲ್ಲಿನ ಬಣವೆಯು ಪ್ರಾಣಿಗಳ ಕಟ್ಟಡದಿಂದ ಕನಿಷ್ಠ 15 ಮೀಟರ್, ಸಾಧ್ಯವಾದರೆ 30 ಮೀಟರ್ ದೂರವಿರಲಿ. ಅಟ್ಟದ ಮೇಲೆ ಹುಲ್ಲು, ಕೆಳಗೆ ದನ ಎಂಬ ಹಳೆಯ ಪದ್ಧತಿ ಅನುಕೂಲವೇನೋ ಹೌದು, ಆದರೆ ಬೆಂಕಿಯ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ. ದೂರ ಸಿಗದ ಕಡೆ ಛಾವಣಿಯವರೆಗೂ ಬಿರುಕಿಲ್ಲದೆ ಏರುವ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ ಬೇಕು. ಗೋಡೆ ಅರ್ಧಕ್ಕೇ ನಿಂತು ಮೇಲೆ ಛಾವಣಿಯ ಕೆಳಗೆ ತೆರೆದ ಜಾಗ ಉಳಿದಿದ್ದರೆ ಹೊಗೆ, ಜ್ವಾಲೆಗಳೆರಡೂ ಅಲ್ಲಿಂದಲೇ ದಾಟುತ್ತವೆ.

ಶಾಖ ತಡೆಯಲೆಂದು ಛಾವಣಿಯ ಒಳಮೈಗೆ ಸಿಂಪಡಿಸುವ ಪಾಲಿಯುರೆಥೇನ್ ಫೋಮ್ ಬಗ್ಗೆ ವಿಶೇಷ ಗಮನವಿರಲಿ. ಮೇಲೆ ಬೆಂಕಿ ತಡೆಯುವ ಹೊದಿಕೆಯಿಲ್ಲದೆ ತೆರೆದಿಟ್ಟ ಫೋಮ್ ಬಹಳ ವೇಗವಾಗಿ ಉರಿದು ದಟ್ಟ ವಿಷದ ಹೊಗೆ ಉಗುಳುತ್ತದೆ.

ಅಗ್ನಿಶಾಮಕ ವಾಹನ ಎಲ್ಲ ಕಟ್ಟಡಗಳ ಬಳಿಗೂ ತಲುಪಲು ಸುಮಾರು 6 ಮೀಟರ್ ಅಗಲದ, ಮಳೆಗಾಲದಲ್ಲೂ ಚಕ್ರ ಹೂತುಹೋಗದ ದಾರಿ ಬೇಕು. ಕೆರೆ ಅಥವಾ ಹೊಂಡದ ನೀರನ್ನು ನೆಚ್ಚಿಕೊಂಡಿದ್ದರೆ ಅದರ ಪಕ್ಕದಲ್ಲೇ ವಾಹನ ನಿಲ್ಲುವಂಥ ಗಟ್ಟಿ ನೆಲವಿರಬೇಕು. ಪಂಪು ನಿಂತ ಜಾಗಕ್ಕಿಂತ ನೀರಿನ ಮಟ್ಟ ಸುಮಾರು 7 ಮೀಟರ್‌ಗಿಂತ ಕೆಳಗಿಳಿದರೆ ಆ ನೀರನ್ನು ಹೀರಿಕೊಳ್ಳುವುದು ಕಷ್ಟ ಎಂಬುದೂ ನೆನಪಿರಲಿ. ತುಂಬಿದ ಹೊಂಡವನ್ನು ಬೇಸಿಗೆಯಲ್ಲಿ ಒಮ್ಮೆ ಅಳೆದು ನೋಡಬೇಕಾದದ್ದು ಇದಕ್ಕಾಗಿಯೇ.

3. ವಿದ್ಯುತ್

ಮನೆಯ ವೈರಿಂಗ್‌ನಂತೆಯೇ ಕೊಟ್ಟಿಗೆಯ ವೈರಿಂಗ್ ಎಂದು ತಿಳಿಯುವುದೇ ಇಲ್ಲಿನ ಮೂಲ ತಪ್ಪು. ಗಂಜಲದಿಂದ ಏಳುವ ಅಮೋನಿಯಾ, ತೊಳೆಯುವ ನೀರಿನ ತೇವ, ಮೇವಿನ ಧೂಳು ಮೂರೂ ಸೇರಿ ತಾಮ್ರವನ್ನು ತಿನ್ನುತ್ತವೆ. ಮೇನ್ ಸ್ವಿಚ್ ಆರಿಸಿ, ವೈರಿಂಗ್ ಬಲ್ಲವರಿಂದ ಹಳೆಯ ಪ್ಲಗ್ ಪಾಯಿಂಟ್ ಒಂದರ ಮುಚ್ಚಳ ತೆಗೆಸಿ ನೋಡಿ: ಸ್ಕ್ರೂ ಸುತ್ತ ಹಸಿರು ಪುಡಿ ಕಟ್ಟಿದ್ದರೆ, ವೈರಿನ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಚಿವುಟಿದರೆ ಉದುರುವಂತಿದ್ದರೆ, ಆ ಜೋಡಣೆ ಈಗಾಗಲೇ ಬಿಸಿಯಾಗುತ್ತಿದೆ ಎಂದೇ ಅರ್ಥ. ಮುಚ್ಚಳದ ಒಳಗೆ ಜೇಡರ ಬಲೆಯೂ ಹಿಟ್ಟಿನಂಥ ಧೂಳೂ ತುಂಬಿದ್ದರೆ, ಹತ್ತಿಕೊಳ್ಳಲು ಬೇಕಾದ ಕಿಡಿಯಷ್ಟೇ ಬಾಕಿ.

ಕೃಷಿ ಮತ್ತು ತೋಟಗಾರಿಕೆ ಕಟ್ಟಡಗಳ ವಿದ್ಯುತ್ ವ್ಯವಸ್ಥೆಗೆಂದೇ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಐಇಸಿ 60364 ಮಾನದಂಡದಲ್ಲಿ 705ನೆಯ ಭಾಗವಿದೆ. ಅದರ ಮುಖ್ಯ ಬೇಡಿಕೆ ಆರ್‌ಸಿಡಿ, ಅಂದರೆ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡೊಡನೆ ಸಂಪರ್ಕ ಕಡಿಯುವ ಸಾಧನ. 32 ಆಂಪಿಯರ್‌ವರೆಗಿನ ಪ್ಲಗ್ ಪಾಯಿಂಟ್‌ಗಳಿಗೆ 30 ಮಿಲಿಆಂಪಿಯರ್‌ನಲ್ಲಿ ಕಡಿಯುವಂಥದ್ದು, ಅದಕ್ಕಿಂತ ದೊಡ್ಡ ಪಾಯಿಂಟ್‌ಗಳಿಗೆ 100, ಉಳಿದ ಸರ್ಕ್ಯೂಟುಗಳಿಗೆ 300 ಮಿಲಿಆಂಪಿಯರ್ ಮೀರದಂಥದ್ದು ಇರಬೇಕು. ಎಂಸಿಬಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಎಂಸಿಬಿ ನೋಡುವುದು ಹೆಚ್ಚಿನ ಹೊರೆ ಮತ್ತು ಶಾರ್ಟ್ ಸರ್ಕ್ಯೂಟನ್ನು, ತೇವದ ಗೋಡೆಯಲ್ಲಿ ಹನಿಹನಿಯಾಗಿ ಸೋರುವ ಕರೆಂಟನ್ನಲ್ಲ.

ದೀಪ, ಸ್ವಿಚ್, ಜಂಕ್ಷನ್ ಪೆಟ್ಟಿಗೆಗಳ ಮೇಲೆ ಐಪಿ ಎಂಬ ಗುರುತಿನ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯ ಮಟ್ಟ. ಐಪಿ 65 ಎಂದರೆ ಧೂಳು ಒಳಹೋಗದು, ಪೈಪಿನಿಂದ ಹಾಯಿಸಿದ ನೀರನ್ನೂ ತಡೆಯುತ್ತದೆ. ತೊಳೆಯುವ ಜಾಗಗಳಲ್ಲಿ ಇದಕ್ಕಿಂತ ಕಡಿಮೆಯದಕ್ಕೆ ಒಪ್ಪಬೇಡಿ. ಇಲಿಗಳ ಹಲ್ಲಿಗೆ ಸಿಗದಂತೆ ವೈರುಗಳು ಕೊಳವೆಯೊಳಗೆ ಹಾಯಲಿ, ದನಗಳ ನಾಲಿಗೆಗೂ ಕೊಂಬಿಗೂ ಎಟುಕದಷ್ಟು ಎತ್ತರದಲ್ಲಿರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಒಂದು ದಿನದ ಕೆಲಸಕ್ಕೆ ಮಾತ್ರ. ಅದೇ ಜಾಗಕ್ಕೆ ಎರಡನೆಯ ವಾರವೂ ಅದು ಬೇಕಾಯಿತೆಂದರೆ ಅಲ್ಲಿ ಶಾಶ್ವತ ಪಾಯಿಂಟ್ ಹಾಕಿಸುವ ಕಾಲ ಬಂದಿದೆ.

ಛಾವಣಿಯ ಮೇಲೆ ಸೌರ ಫಲಕಗಳಿದ್ದರೆ ಇನ್ನೊಂದು ಮಾತು. ಮೇನ್ ಸ್ವಿಚ್ ಆರಿಸಿದರೂ ಹಗಲಿನಲ್ಲಿ ಫಲಕಗಳಿಂದ ಇನ್ವರ್ಟರ್‌ವರೆಗಿನ ವೈರುಗಳಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಅದನ್ನು ಕಡಿಯುವ ಸ್ವಿಚ್ ಎಲ್ಲಿದೆ ಎಂದು ತಿಳಿಸುವ ಸೂಚನೆಯ ಹಲಗೆಯು ಗೇಟಿನ ಬಳಿಯೇ ಕಾಣಿಸಬೇಕು.

4. ಮರಿಗಳಿಗೆ ಶಾಖ ಕೊಡುವ ದೀಪಗಳು

ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಮತ್ತು ಶಾಖದ ಬಲ್ಬುಗಳನ್ನು ಅವುಗಳ ವೈರಿನಿಂದಲೇ ನೇತುಹಾಕುವುದನ್ನು ಇವತ್ತೇ ನಿಲ್ಲಿಸಿ. ದೀಪ ನೇತಾಡುವುದು ಲೋಹದ ಸರಪಳಿಯಿಂದ. ವೈರಿನ ಮೇಲೆ ಭಾರ ಬೀಳಕೂಡದು. ಸರಪಳಿ ಕಳಚಿದರೂ ದೀಪ ನೆಲಕ್ಕೆ ಬೀಳದಂತೆ ಎರಡನೆಯ ಕೊಂಡಿಯೊಂದಿರಲಿ. ಹೋಲ್ಡರ್ ಪಿಂಗಾಣಿಯದ್ದೂ, ಬಲ್ಬಿನ ಸುತ್ತ ಗಟ್ಟಿ ತಂತಿಬಲೆಯೂ ಇರಬೇಕು. ತಯಾರಕರು ಹೇಳಿದ ಅಂತರ ಪಾಲಿಸಿ. ಏನೂ ಹೇಳಿಲ್ಲದಿದ್ದರೆ ಹಾಸಿನಿಂದ ಕನಿಷ್ಠ ಅರ್ಧ ಮೀಟರ್ ಬಿಡಿ. ಹಾಸಿನ ಮೇಲೆ ಹೊಸ ಹೊಟ್ಟು ಸುರಿದಾಗಲೆಲ್ಲ ಆ ಅಂತರ ಕಡಿಮೆಯಾಗುತ್ತ ಹೋಗುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

5. ಹುಲ್ಲು: ಒಳಗಿನಿಂದ ಹುಟ್ಟುವ ಬೆಂಕಿ

ಕಿಡಿಯೇ ಇಲ್ಲದೆ ಬೆಂಕಿ ಏಳುವ ಜಾಗ ಹುಲ್ಲಿನ ದಾಸ್ತಾನು. ಪೂರ್ತಿ ಒಣಗದ ಹುಲ್ಲನ್ನು ಒತ್ತಿ ಬೇಲ್ ಕಟ್ಟಿದರೆ, ಅಂದರೆ ಯಂತ್ರದಿಂದ ಬಿಗಿದ ಕಟ್ಟು ಮಾಡಿದರೆ, ಒಳಗಿನ ಸೂಕ್ಷ್ಮಜೀವಿಗಳು ಆ ತೇವದಲ್ಲಿ ಹೆಚ್ಚುತ್ತ ಶಾಖ ಹುಟ್ಟಿಸುತ್ತವೆ. ಒಂದು ಹಂತ ಮೀರಿದ ಮೇಲೆ ಸೂಕ್ಷ್ಮಜೀವಿಗಳು ಸತ್ತರೂ ರಾಸಾಯನಿಕ ಕ್ರಿಯೆಯೇ ಶಾಖವನ್ನು ಏರಿಸುತ್ತ ಹೋಗುತ್ತದೆ. ದೊಡ್ಡ ಮೆದೆಯ ನಡುವಿನಿಂದ ಆ ಶಾಖ ಹೊರಬರಲು ದಾರಿಯಿರುವುದಿಲ್ಲ. ತೇವಾಂಶ ಶೇಕಡ 20ಕ್ಕಿಂತ ಹೆಚ್ಚಿರುವ ಹುಲ್ಲನ್ನು ಬೇಲ್ ಕಟ್ಟಿ ಒಳಗಿಡಬೇಡಿ. ದೊಡ್ಡ ಬೇಲ್‌ಗಳಾದರೆ ಇನ್ನೂ ಕಡಿಮೆ ಇರಬೇಕು. ಇಂಥ ಬೆಂಕಿಗಳಲ್ಲಿ ಹೆಚ್ಚಿನವು ಬೇಲ್ ಕಟ್ಟಿದ ಮೊದಲ ಆರು ವಾರಗಳೊಳಗೇ ಕಾಣಿಸುವುದರಿಂದ ಕಾವಲು ಬೇಕಾದ ಕಾಲವೂ ಅದೇ.

ಮೂಗಿಗೆ ಸುಟ್ಟ ಬೆಲ್ಲದಂಥ ಅಥವಾ ಮುಗ್ಗಲು ವಾಸನೆ ಬಡಿದರೆ, ಬೆಳಗಿನ ಹೊತ್ತು ಮೆದೆಯ ಮೇಲೆ ಆವಿ ಕಂಡರೆ, ಒಳಗಿನ ಉಷ್ಣತೆಯನ್ನು ಅಳೆಯಲೇಬೇಕು. ಅದಕ್ಕಾಗಿ ಉದ್ದನೆಯ ಲೋಹದ ಕೊಳವೆಯೊಂದರ ತುದಿಯನ್ನು ಚೂಪು ಮಾಡಿ, ತುದಿಯ ಬಳಿ ನಾಲ್ಕಾರು ಸಣ್ಣ ರಂಧ್ರ ಕೊರೆದು, ಮೆದೆಯ ನಡುಭಾಗದವರೆಗೆ ಚುಚ್ಚಿ. ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಕೊಳವೆಯೊಳಗೆ ಇಳಿಬಿಟ್ಟು ಕಾಲು ಗಂಟೆ ಕಾದು ಮೇಲೆಳೆದು ಓದಿ. ಮೆದೆಯ ಒಳಭಾಗ ಸುಟ್ಟು ಟೊಳ್ಳಾಗಿರಬಹುದಾದ್ದರಿಂದ ನೇರವಾಗಿ ಅದರ ಮೇಲೆ ಕಾಲಿಡಬೇಡಿ. ಅಡ್ಡಲಾಗಿ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವರ ಕೈಯಲ್ಲಿ ಕೊಟ್ಟೇ ಹತ್ತಿ.

ಉಷ್ಣತೆ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಗಾಬರಿ ಬೇಡ, ಗಮನ ಸಾಕು. 65 ತಲುಪಿದರೆ ದಿನವೂ ಅಳೆಯಿರಿ. 70 ಮುಟ್ಟಿದರೆ ಕೆಲವು ಗಂಟೆಗಳಿಗೊಮ್ಮೆ ಅಳೆಯುತ್ತಿರಬೇಕು, ಪಕ್ಕದಲ್ಲಿ ಪ್ರಾಣಿಗಳಿದ್ದರೆ ಆಗಲೇ ಬೇರೆಡೆಗೆ ಹೊಡೆದುಕೊಂಡು ಹೋಗಬೇಕು. 80 ದಾಟಿದರೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಬಿಸಿಯಾದ ಮೆದೆಯನ್ನು ಕೂಡಲೇ ಎಳೆದು ಹರಡಿದರೆ ತಣ್ಣಗಾಗುತ್ತದೆಂದು ಭಾವಿಸಿ ಬೇಲ್‌ಗಳನ್ನು ಕೀಳತೊಡಗುತ್ತಾರೆ. 80 ಡಿಗ್ರಿ ಮೀರಿದ ಹುಲ್ಲಿಗೆ ಹೊರಗಿನ ಗಾಳಿ ತಗುಲಿದ ಕ್ಷಣದಲ್ಲೇ ಅದು ಜ್ವಾಲೆಯಾಗಿ ಏಳಬಹುದು. ನೀರಿನ ಪೈಪು ತುಂಬಿಸಿಕೊಂಡ ದಳ ಎದುರಿಗೆ ನಿಂತ ಮೇಲಷ್ಟೇ ಮೆದೆಗೆ ಕೈ ಹಾಕಬೇಕು. ರಸಮೇವಿನ ಮುಚ್ಚಿದ ಗೋಪುರದಲ್ಲಿ, ಅಂದರೆ ಸೈಲೋದಲ್ಲಿ, ಹೊಗೆ ಕಂಡರೆ ಅದರ ಬಾಗಿಲು ತೆರೆಯುವುದಾಗಲಿ ಮೇಲಿನಿಂದ ನೀರು ಹಾಯಿಸುವುದಾಗಲಿ ಬೇಡ. ಒಳಗೆ ಕೂಡಿದ ಅನಿಲಕ್ಕೆ ಗಾಳಿ ಬೆರೆತರೆ ಅದು ಸ್ಫೋಟಿಸಬಹುದು.

6. ಸಗಣಿ ಗುಂಡಿ, ಯಂತ್ರ, ವೆಲ್ಡಿಂಗ್

ಸಗಣಿ ಗುಂಡಿಯಿಂದ ಬರುವ ಮೀಥೇನ್ ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಬೆರೆತಾಗ ಸ್ಫೋಟಕ. ಗುಂಡಿಯ ಮೇಲೆ ದಪ್ಪ ನೊರೆ ಕಟ್ಟಿದ್ದರೆ ಅನಿಲ ಆ ನೊರೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಕಲಕಿದಾಗ ಒಮ್ಮೆಲೇ ಹೊರಬರುತ್ತದೆ. ಆದ್ದರಿಂದ ಕಲಕುವ ಮುನ್ನ ಹೀಟರ್‌ಗಳನ್ನು ಆರಿಸಿ, ಗಾಳಿ ಚೆನ್ನಾಗಿ ಆಡುವಂತೆ ಮಾಡಿ, ಜನರನ್ನು ಹೊರಗೆ ಕಳುಹಿಸಿ.

2023ರ ಏಪ್ರಿಲ್ 10ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಿಮಿಟ್ ಬಳಿ ಹೈನುಗಾರಿಕೆ ಕೇಂದ್ರವೊಂದರಲ್ಲಿ ಸಂಭವಿಸಿದ ಬೆಂಕಿಯಲ್ಲಿ ಸುಮಾರು 18,000 ಹಸುಗಳು ಸತ್ತವು. ತನಿಖೆ ಬೊಟ್ಟು ಮಾಡಿದ್ದು ಕೊಟ್ಟಿಗೆಯೊಳಗೆ ಓಡಾಡುತ್ತಿದ್ದ, ಸಗಣಿ ಹೀರಿ ಸಾಗಿಸುವ ವಾಹನದ ಎಂಜಿನ್ನಿನ ಕಡೆಗೆ. ಒಳಗೆ ಬರುವ ಪ್ರತಿ ಯಂತ್ರದಲ್ಲೂ ಎಂಜಿನ್ ಸುತ್ತ ಅಂಟಿದ ಹುಲ್ಲು, ಎಣ್ಣೆಯ ಜಿಡ್ಡು, ಸೋರುವ ಇಂಧನದ ಕೊಳವೆ ಇವನ್ನು ದಿನವೂ ನೋಡಿ. ಕೆಲಸ ಮುಗಿಸಿದ ಬಿಸಿ ಟ್ರ್ಯಾಕ್ಟರನ್ನು ರಾತ್ರಿ ಕೊಟ್ಟಿಗೆಯಲ್ಲೋ ಹುಲ್ಲಿನ ಶೆಡ್ಡಿನಲ್ಲೋ ನಿಲ್ಲಿಸಬೇಡಿ.

ವೆಲ್ಡಿಂಗ್ ಅಥವಾ ಗ್ರೈಂಡರ್ ಕೆಲಸವನ್ನು ಆದಷ್ಟೂ ಹೊರಗೇ ಮಾಡಿಸಿ. ಒಳಗೆ ಮಾಡಲೇಬೇಕಾದರೆ ಸುತ್ತ 10 ಮೀಟರ್‌ನಷ್ಟು ಜಾಗವನ್ನು ಗುಡಿಸಿ ತೇವ ಮಾಡಿ, ನೀರಿನ ಪೈಪು ಹಿಡಿದು ಒಬ್ಬರನ್ನು ನಿಲ್ಲಿಸಿ. ಕೆಲಸ ಮುಗಿದ ಮೇಲೂ ಅವರು ಒಂದು ಗಂಟೆ ಅಲ್ಲೇ ಇರಬೇಕು. ಹೊಟ್ಟಿನೊಳಗೆ ಬಿದ್ದ ಕಿಡಿ ಎದ್ದು ಕಾಣುವುದು ವೆಲ್ಡಿಂಗಿನವರು ಹೊರಟುಹೋದ ಮೇಲೆಯೇ.

7. ಅಲಾರಂ ಮತ್ತು ಸಿಲಿಂಡರ್

ಮನೆಗೆ ಹಾಕುವ ಹೊಗೆ ಸಂವೇದಕ ಕೊಟ್ಟಿಗೆಯಲ್ಲಿ ಬಾಳುವುದಿಲ್ಲ. ಧೂಳಿಗೂ ಆವಿಗೂ ಸುಮ್ಮಸುಮ್ಮನೆ ಕೂಗಿ, ಕೊನೆಗೆ ಬೇಸತ್ತವರು ಅದರ ಬ್ಯಾಟರಿ ಕೀಳುವಂತೆ ಮಾಡುತ್ತದೆ. ಇಂಥ ಜಾಗಕ್ಕೆ ಶಾಖ ಸಂವೇದಕ ಅಥವಾ ಛಾವಣಿಯ ಉದ್ದಕ್ಕೂ ಎಳೆಯುವ ಶಾಖ ಸಂವೇದಿ ಕೇಬಲ್ ಸೂಕ್ತ. ಅಲಾರಂ ಕೊಟ್ಟಿಗೆಯಲ್ಲಿ ಮೊಳಗಿದರೆ ಸಾಲದು, ಜನ ಮಲಗುವ ಕಡೆಯಲ್ಲೂ ಫೋನಿನಲ್ಲೂ ಕೇಳಿಸಬೇಕು.

ಇನ್ನು ಸಿಲಿಂಡರ್. ಶೆಡ್ಡಿನ ಯಾವ ಮೂಲೆಯಲ್ಲಿ ನಿಂತರೂ 23 ಮೀಟರ್ ನಡೆಯುವುದರೊಳಗೆ ಒಂದು ಸಿಲಿಂಡರ್ ಕೈಗೆ ಸಿಗಬೇಕು ಎಂಬುದು ಎನ್‌ಎಫ್‌ಪಿಎ 10ರಲ್ಲಿ ಹುಲ್ಲು, ಮರದಂಥ ಘನವಸ್ತುಗಳ ಬೆಂಕಿಗಿರುವ ಅಳತೆ. ಸ್ಥಳೀಯ ನಿಯಮ ಇನ್ನೂ ಕಡಿಮೆ ದೂರ ಹೇಳಿದ್ದರೆ ಅದನ್ನೇ ಪಾಲಿಸಿ. ಹೀಗೆ ಅಳೆದು ಬಂದ ಸಂಖ್ಯೆಯೇ ನೀವು ಕೇಳುವ "ಎಷ್ಟು" ಎಂಬುದಕ್ಕೆ ಉತ್ತರ. ಎಬಿಸಿ ಪುಡಿಯ ಸಿಲಿಂಡರ್ ಹೆಚ್ಚಿನ ಕಡೆಗೆ ಹೊಂದುತ್ತದೆ, ಆದರೆ ಅದು ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ. ಮೆದೆಯ ಒಳಗೆ ಇಳಿದ ಕೆಂಡವನ್ನು ಪುಡಿ ಆರಿಸುವುದಿಲ್ಲ, ಅಲ್ಲಿಗೆ ನೀರೇ ಬೇಕು. ವಿದ್ಯುತ್ ಹರಿಯುತ್ತಿರುವ ಕಡೆ ಮಾತ್ರ ನೀರು ಹಾಕಲೇಕೂಡದು. ಸಿಲಿಂಡರನ್ನು ಬಾಗಿಲ ಪಕ್ಕದಲ್ಲಿ ತೂಗುಹಾಕಿ ತಿಂಗಳಿಗೊಮ್ಮೆ ಅದರ ಒತ್ತಡ ಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡಿ. ಎಷ್ಟೋ ಶೆಡ್‌ಗಳಲ್ಲಿ ಅದು ಮೇವಿನ ಚೀಲಗಳ ಹಿಂದೆ ಅಡಗಿರುತ್ತದೆ. ತಪಾಸಣೆಯ ದಿನವಷ್ಟೇ ಹೊರಗೆ ಬರುತ್ತದೆ.

8. ತೆರವು ಯೋಜನೆ

ಮೊದಲು ಕರೆ, ಆಮೇಲೆ ಬಾಗಿಲು. ಬೆಂಕಿ ಕಂಡವರು ಒಬ್ಬರೇ ಇದ್ದರೂ ಅಗ್ನಿಶಾಮಕ ದಳಕ್ಕೆ ತಿಳಿಸಿದ ಬಳಿಕವೇ ಪ್ರಾಣಿಗಳ ಕಡೆ ಹೋಗಬೇಕು. ಹೊಗೆ ತಲೆಯ ಮಟ್ಟಕ್ಕೆ ಇಳಿದ ಮೇಲೆ ಯಾರೂ ಒಳಗೆ ಹೋಗಕೂಡದು ಎಂಬ ಸಾಲು ಯೋಜನೆಯಲ್ಲಿ ಬರೆದಿಟ್ಟಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ.

ದನಗಳನ್ನು ಕಟ್ಟುವ ಕಣ್ಣಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ಬಾಗಿಲ ಬಳಿ ಹಗ್ಗ ಕೊಯ್ಯಲು ಒಂದು ಕತ್ತಿ ನೇತಾಡುತ್ತಿರಲಿ. ಬಾಗಿಲುಗಳು ಹೊರಮುಖವಾಗಿ ತೆರೆಯಬೇಕು, ಎರಡು ವಿರುದ್ಧ ದಿಕ್ಕುಗಳಲ್ಲಾದರೂ ಇರಬೇಕು. ಬಾಗಿಲಿಗೆ ಹತ್ತಿರವಿರುವ ಪ್ರಾಣಿಗಳನ್ನು ಮೊದಲು ಬಿಡಿ. ಹೊರಬಂದವನ್ನು ಬೇಲಿಯೊಳಗೆ ಕೂಡಿ ಬಾಗಿಲು ಹಾಕಿ. ಬೆದರಿದ ಪ್ರಾಣಿ ತನಗೆ ಪರಿಚಯದ ಗೊಂತಿಗೇ ಮರಳಿ ಓಡುವುದುಂಟು, ಕುದುರೆಗಳಲ್ಲಂತೂ ಇದು ಹೆಚ್ಚು.

ಸಾವಿರಗಟ್ಟಲೆ ಕೋಳಿಗಳಿರುವ ಶೆಡ್ಡನ್ನು ತೆರವು ಮಾಡುವುದು ಕಾಗದದ ಮೇಲೆ ಮಾತ್ರ ಸಾಧ್ಯ. ಅಲ್ಲಿ ನಿಮ್ಮ ಯೋಜನೆ ಪಕ್ಕದ ಶೆಡ್‌ಗಳನ್ನು ಉಳಿಸುವುದರ ಬಗ್ಗೆ ಇರಲಿ. ಫ್ಯಾನುಗಳ ವಿಷಯವನ್ನೂ ಮೊದಲೇ ನಿರ್ಧರಿಸಿ: ಚಾಲೂ ಇದ್ದರೆ ಬೆಂಕಿಗೆ ಗಾಳಿ ಊದುತ್ತವೆ, ಆರಿಸಿದರೆ ಮುಚ್ಚಿದ ಶೆಡ್ಡಿನ ಕೋಳಿಗಳು ಉಸಿರುಗಟ್ಟುತ್ತವೆ. ಬೆಂಕಿ ಯಾವ ಶೆಡ್ಡಿನಲ್ಲಿದ್ದರೆ ಯಾವ ಸ್ವಿಚ್ ಆರಿಸಬೇಕೆಂದು ಸ್ವಿಚ್ ಬೋರ್ಡಿನ ಮೇಲೆಯೇ ಬರೆಯಿಸಿ.

9. ತಪಾಸಣೆ ಮತ್ತು ದಾಖಲೆ

ಸ್ಥಳೀಯ ಅಗ್ನಿಶಾಮಕ ಠಾಣೆಯವರನ್ನು ನೀವೇ ಒಮ್ಮೆ ಕರೆದು ಜಾಗ ತೋರಿಸಿ. ನಕ್ಷೆಯ ಒಂದು ಪ್ರತಿಯನ್ನು ಅವರಿಗೆ ಕೊಡಿ, ಇನ್ನೊಂದನ್ನು ಗೇಟಿನ ಬಳಿ ನೀರು ತಾಗದ ಪೆಟ್ಟಿಗೆಯಲ್ಲಿಡಿ. ವೈರಿಂಗ್ ಪರೀಕ್ಷೆ, ಸಿಲಿಂಡರ್ ತುಂಬಿಸಿದ ದಿನ, ಹುಲ್ಲಿನ ಉಷ್ಣತೆ, ಕೆಲಸಗಾರರಿಗೆ ಕೊಟ್ಟ ತರಬೇತಿ ಎಲ್ಲವೂ ದಿನಾಂಕ, ಸಹಿಯೊಡನೆ ಒಂದೇ ಪುಸ್ತಕದಲ್ಲಿರಲಿ. ಪರಿಶೀಲಿಸಿದೆವೆಂದು ಬಾಯಲ್ಲಿ ಹೇಳಿದರೆ ಅಧಿಕಾರಿಯೂ ವಿಮೆಯವರೂ ಒಪ್ಪುವುದಿಲ್ಲ.

10. ಬೆಂಕಿ ಆರಿದ ಮೇಲೆ

ಚೆನ್ನಾಗಿಯೇ ಇರುವಂತೆ ಕಾಣುವ ಪ್ರಾಣಿಗಳನ್ನೂ ಪಶುವೈದ್ಯರಿಗೆ ತೋರಿಸಿ. ಹೊಗೆ ಕುಡಿದ ಶ್ವಾಸಕೋಶದ ತೊಂದರೆ ಮರುದಿನವೋ ಅದರ ಮರುದಿನವೋ ಹೊರಬೀಳಬಹುದು. ಹೊಗೆ, ಪುಡಿ ಅಥವಾ ನೊರೆ ತಾಗಿದ ಮೇವು, ನೀರನ್ನು ಕೊಡಬೇಡಿ. ಏನನ್ನೂ ತೆರವುಗೊಳಿಸುವ ಮುನ್ನ ಎಲ್ಲ ಕೋನಗಳಿಂದ ಚಿತ್ರ ತೆಗೆದು ವಿಮೆಯವರಿಗೆ ತಿಳಿಸಿ. ಸುಟ್ಟ ಹುಲ್ಲಿನ ರಾಶಿ ದಿನಗಟ್ಟಲೆ ಒಳಗೇ ಕನಲುತ್ತಿರುತ್ತದೆ. ಅದನ್ನು ಬಯಲಿಗೆ ಸಾಗಿಸಿ ತೆಳುವಾಗಿ ಹರಡಿ ನೆನೆಸಿ, ರಾತ್ರಿಯೂ ಒಬ್ಬರು ಕಾವಲಿರಲಿ. ಉಳಿದ ಶೆಡ್‌ಗಳಿಗೆ ವಿದ್ಯುತ್ ಮರಳಿ ಕೊಡುವುದು, ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಪ್ರತಿ ಸರ್ಕ್ಯೂಟನ್ನೂ ಪರೀಕ್ಷಿಸಿ ಬರೆದುಕೊಟ್ಟ ನಂತರವೇ.